ಹಾಲಾ ಎಂಬ ಹೆಸರು ಮತ್ತು ನಮ್ಮ ನಾಲಿಗೆ

ಹೆಣ್ಣುಮಗುವಿಗೆ ಯಾವ ಹೆಸರಿಡಬೇಕೆಂದು ಕೇಳಿಕೊಂಡು ನಮ್ಮ ಬಳಿಗೆ ಬರುವ ಕುಟುಂಬಗಳು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ಮದ್ರಸದಲ್ಲಿ ಓದಿದವರು, ಅದರ ಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದವರು ಎಂಬ ಕಾರಣಕ್ಕೆ ಎರಡೂ ಕಡೆಯ ಅರ್ಥ ನಮಗೆ ತಿಳಿದಿರುತ್ತದೆಂದು ಜನರ ನಂಬಿಕೆ. ನಮ್ಮ ತಾಯಂದಿರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಫಾತಿಮಾ, ಆಯಿಶಾ, ಝೈನಬ್, ಹುಸೇನ್‌ಬೀ, ಮೆಹಬೂಬಿ ಎಂಬ ಹತ್ತು ಹನ್ನೆರಡು ಹೆಸರುಗಳೇ ಒಂದು ಓಣಿಗೆ ಸಾಕಾಗುತ್ತಿದ್ದವು. ಒಂದೇ ಹೆಸರಿನವರು ಇಬ್ಬರಿದ್ದರೆ ದೊಡ್ಡ ಫಾತಿಮಾ, ಚಿಕ್ಕ ಫಾತಿಮಾ ಎಂದು ಕರೆದು ಮುಗಿಸುತ್ತಿದ್ದರು. ಈಗ ಯಾರ ಮನೆಯಲ್ಲಿಯೂ ಇಲ್ಲದ ಹೆಸರು ಬೇಕು. ಅರ್ಥವೇನೆಂದು ಕೇಳಿದರೆ ಮೊಬೈಲ್ ಪರದೆಯನ್ನು ನಮ್ಮ ಮುಖಕ್ಕೆ ಹಿಡಿಯುತ್ತಾರೆ.

ಆದರೆ ಇಲ್ಲಿ ನಾವು ಬರೆಯಹೊರಟಿರುವ ಹೆಸರು ಮೊಬೈಲಿನಿಂದ ಬಂದುದಲ್ಲ. ನಮ್ಮ ತಂಗಿಯ ಮಗಳು ತನ್ನ ಚೊಚ್ಚಲ ಹೆಣ್ಣುಮಗುವಿಗೆ ಹಾಲಾ ಎಂದು ಹೆಸರಿಟ್ಟಳು. ತಂಗಿಯ ಮನೆ ಸಿರುಗುಪ್ಪದಲ್ಲಿದೆ, ಮಗಳನ್ನು ಕೊಟ್ಟ ಮನೆ ಕುರುಗೋಡಿನಲ್ಲಿ. ನಾವಿರುವುದು ಬಳ್ಳಾರಿ ನಗರದಲ್ಲಿ. ಏಳನೆಯ ದಿನದ ಅಕೀಕಾ ಸಿರುಗುಪ್ಪದಲ್ಲಿ ನಡೆಯಿತು. ಒಂದು ಆಡು ಕೊಯ್ದರು, ಮಗುವಿನ ತಲೆಗೂದಲು ತೆಗೆಸಿ ಅದರ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಟ್ಟರು, ಹೆಸರು ಹೇಳಿದರು. ಊಟ ಮುಗಿಯುವಷ್ಟರಲ್ಲಿ ಮೂರೂ ಊರುಗಳ ಬಂಧುಗಳಿಗೆ ಆ ಎರಡಕ್ಷರದ ಬಗ್ಗೆ ತಮ್ಮ ತಮ್ಮ ಅಭಿಪ್ರಾಯ ಹುಟ್ಟಿಬಿಟ್ಟಿತ್ತು.

ಕುರುಗೋಡಿನ ದಾದಿಯವರಿಗೆ ಅದು ‘ಖಾಲಾ’ ಎಂದು ಕೇಳಿಸಿತು. “ಪೈದಾ ಹುಯೀ ಸೋ ದಿನಿಚ್ ಖಾಲಾ ಹೋಗಯೀ ಕ್ಯಾ?” ಎಂದರು. ಹುಟ್ಟಿದ ದಿನವೇ ಮಗು ಚಿಕ್ಕಮ್ಮನಾಗಿಬಿಟ್ಟಿತೇ ಎಂಬ ಅವರ ಮಾತಿಗೆ ಹೆಂಗಸರ ಪಂಕ್ತಿಯೆಲ್ಲ ನಕ್ಕಿತು. ಶಾಲೆಗೆ ಹೋಗುವ ಹುಡುಗರು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು “ಹಾಲಾ? ಮೊಸರಾ?” ಎಂದು ಹಾಡಲಾರಂಭಿಸಿದರು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಬಂಧುವೊಬ್ಬರು ಮಾತ್ರ ನಗಲಿಲ್ಲ. ನಮ್ಮನ್ನು ಪಕ್ಕಕ್ಕೆ ಕರೆದು, “ಹಝ್ರತ್, ನೀವಾದರೂ ಹೇಳಬಾರದೇ? ನಾಳೆ ಶಾಲೆಯಲ್ಲಿ ಮಗುವನ್ನು ಹಾಳಾ ಎಂದು ಕರೆಯುತ್ತಾರೆ. ಮನೆಯ ಮಗಳಿಗೆ ಹಾಳು ಎಂಬ ಹೆಸರೇ?” ಎಂದು ಕೇಳಿದರು. ಈ ಮೂರನೆಯ ಮಾತೇ ಮುಂದೆ ಎರಡು ಮನೆಗಳ ನಡುವೆ ತಕರಾರಾಗಿ ಬೆಳೆಯಿತು.

ಹೆಸರಿನ ಅರ್ಥವನ್ನು ಮೊದಲು ಹೇಳಿಬಿಡೋಣ. ಅರಬ್ಬಿಯಲ್ಲಿ ಹಾಲಾ ಎಂದರೆ ಚಂದ್ರನ ಸುತ್ತ ಕಾಣುವ ಬೆಳಕಿನ ಬಳೆ. ಕನ್ನಡದ ಗ್ರಂಥಭಾಷೆಯಲ್ಲಿ ಅದಕ್ಕೆ ಪರಿವೇಷವೆನ್ನುತ್ತಾರೆ. ಎತ್ತರದ ತೆಳುಮೋಡದಲ್ಲಿರುವ ಹಿಮದ ಹರಳುಗಳ ಮೂಲಕ ಬೆಳಕು ಬಾಗಿ ಬರುವುದರಿಂದ ಚಂದ್ರನಿಂದ ಸುಮಾರು 22 ಡಿಗ್ರಿ ದೂರದಲ್ಲಿ ಆ ಬಳೆ ಮೂಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರು ಅದನ್ನು ನೋಡದೆ ಇರಲಾರರು.

ಅರ್ಥಕ್ಕಿಂತ ದೊಡ್ಡದು ಆ ಹೆಸರನ್ನು ಧರಿಸಿದವರ ಸಾಲು. ಉಮ್ಮುಲ್ ಮೂಮಿನೀನ್ ಖದೀಜಾ(ರ) ಅವರ ಸಹೋದರಿಯ ಹೆಸರು ಹಾಲಾ ಬಿಂತ್ ಖುವೈಲಿದ್. ಪ್ರವಾದಿ(ಸ)ಯವರ ಹಿರಿಯ ಮಗಳು ಝೈನಬ್(ರ) ಅವರನ್ನು ವಿವಾಹವಾದ ಅಬುಲ್ ಆಸ್(ರ) ಈ ಹಾಲಾರ ಮಗ. ಹಝ್ರತ್ ಹಂಝಾ(ರ) ಅವರ ತಾಯಿಯ ಹೆಸರೂ ಹಾಲಾ. ಪ್ರವಾದಿ(ಸ)ಯವರ ರೂಪವರ್ಣನೆಯನ್ನು ಶಮಾಇಲ್ ಗ್ರಂಥದಲ್ಲಿ ಓದಿದ ಪ್ರತಿಯೊಬ್ಬ ಮದ್ರಸ ವಿದ್ಯಾರ್ಥಿಗೂ ಹಿಂದ್ ಇಬ್ನ್ ಅಬೀ ಹಾಲಾ ಎಂಬ ಹೆಸರು ಪರಿಚಿತ. ಹೀಗಿರುವಾಗ ಇದು ಎಲ್ಲಿಂದಲೋ ಹೆಕ್ಕಿ ತಂದ ಹೊಸ ಫ್ಯಾಷನ್ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಹೆಸರು ಹಳೆಯದು, ನಮ್ಮ ಜಿಲ್ಲೆಗೆ ಮಾತ್ರ ಅಪರೂಪದ್ದು.

ಇನ್ನು ಉಚ್ಚಾರ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಈ ಹೆಸರಿನ ಮೊದಲಕ್ಷರ ಅರಬ್ಬಿಯ ಹಗುರವಾದ ‘ಹ’. ಉರ್ದುವಿನಲ್ಲಿ ಛೋಟೀ ಹೇ ಎನ್ನುತ್ತೇವಲ್ಲ, ಅದು. ತಜ್ವೀದಿನ ಪ್ರಕಾರ ಅದು ಗಂಟಲಿನ ಅತ್ಯಂತ ಒಳಭಾಗದಿಂದ ಬರುವ ಸ್ವರ. ಗಂಟಲಿನ ನಡುಭಾಗದಿಂದ ಹೊರಡುವ ಬಡೀ ಹೇ ಬೇರೆ. ಬಾಯಿಗೆ ಹತ್ತಿರವಾದ ಭಾಗದಿಂದ ಬರುವ ‘ಖ’ ಇನ್ನೂ ಬೇರೆ. ಮೂರಕ್ಕೂ ಮೂರು ಅರ್ಥಗಳಿವೆ. ಒಳಗಿನ ಹಕಾರದಿಂದ ಹೇಳಿದರೆ ಚಂದ್ರನ ಬಳೆ, ನಡುವಿನದರಿಂದ ಹೇಳಿದರೆ ನಾವು ದಿನನಿತ್ಯ ಬಳಸುವ ಹಾಲತ್, ಅಂದರೆ ಸ್ಥಿತಿ, ಹೊರಗಿನದರಿಂದ ಹೇಳಿದರೆ ತಾಯಿಯ ಸಹೋದರಿ. ದಾದಿಯವರು ನಕ್ಕಿದ್ದು ಗಂಟಲಿನಲ್ಲಿ ಎರಡು ಬೆರಳಿನಷ್ಟು ಅಂತರದ ವ್ಯತ್ಯಾಸಕ್ಕೆ. ನಮ್ಮ ಪರಿಚಿತ ಖಾರಿಯೊಬ್ಬರು, ಮಗುವಿನ ತಂದೆತಾಯಿ ಮೊದಲು ಆ ಹಕಾರವನ್ನು ಕಲಿಯಲಿ, ಆಮೇಲೆ ಹೆಸರಿಡಲಿ ಎಂದು ಪಟ್ಟು ಹಿಡಿದರು. ಕುರ್‌ಆನ್ ಪಾರಾಯಣದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಅಕ್ಷರ ತಪ್ಪಿದರೆ ಅರ್ಥ ತಪ್ಪುತ್ತದೆ. ಆದರೆ ಅಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವುದು ಪಾರಾಯಣವಲ್ಲ. ಉರ್ದು ಮಾತನಾಡುವ ನಾವು ಎರಡು ಹಕಾರಗಳನ್ನು ಒಂದೇ ರೀತಿ ಉಚ್ಚರಿಸುತ್ತಲೇ ತಲೆಮಾರುಗಳನ್ನು ಕಳೆದಿದ್ದೇವೆ. ನಮ್ಮ ಹಸನ್‌ಗಳೂ ಹುಸೇನ್‌ಗಳೂ ಅದರಿಂದ ಕೆಟ್ಟುಹೋಗಿಲ್ಲ.

ಉಚ್ಚಾರದಿಂದ ನಿಜವಾಗಿಯೂ ಅಪಾಯವಿರುವ ಒಂದು ಹೆಸರನ್ನು ನಾವು ತರಗತಿಯಲ್ಲಿ ಉದಾಹರಣೆಯಾಗಿ ಹೇಳುವುದುಂಟು. ಫಿರ್‌ಔನನ ಪತ್ನಿ, ಆ ಪುಣ್ಯವಂತೆಯ ಹೆಸರು ಆಸಿಯಾ. ಹಝ್ರತ್ ಉಮರ್(ರ) ಅವರ ಮಗಳೊಬ್ಬಳಿಗೂ ಕನ್ನಡದಲ್ಲಿ ಬರೆದರೆ ಆಸಿಯಾ ಎಂದೇ ಆಗುವ ಹೆಸರಿತ್ತು. ಆದರೆ ಅದು ಐನ್ ಮತ್ತು ಸ್ವಾದ್ ಅಕ್ಷರಗಳ ಆಸಿಯಾ. ಅದರ ಅರ್ಥ ಅವಿಧೇಯಳು. ಪ್ರವಾದಿ(ಸ)ಯವರು ಅದನ್ನು ಬದಲಾಯಿಸಿ ಜಮೀಲಾ ಎಂದು ಹೆಸರಿಟ್ಟರೆಂದು ಸಹೀಹ್ ಮುಸ್ಲಿಮಿನಲ್ಲಿದೆ. ಕನ್ನಡದ ‘ಆ’ ಮತ್ತು ‘ಸ’ ಈ ಇಬ್ಬರು ಆಸಿಯಾರನ್ನು ಬೇರ್ಪಡಿಸಲಾರವು. ಹಾಗೆಂದು ನಮ್ಮೂರಿನ ಆಸಿಯಾಗಳೆಲ್ಲ ಅವಿಧೇಯರೇ? ಇಟ್ಟವರು ಯಾವ ಆಸಿಯಾರನ್ನು ನೆನೆದು ಇಟ್ಟರೋ ಅದೇ ಆ ಹೆಸರು. ಪ್ರವಾದಿ(ಸ)ಯವರು ಬದಲಾಯಿಸಿದ ಹೆಸರುಗಳನ್ನು ಒಂದೊಂದಾಗಿ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಬರ್ರಾ ಎಂಬುದರಲ್ಲಿ ತನ್ನನ್ನು ತಾನೇ ಪುಣ್ಯವಂತೆ ಎಂದುಕೊಳ್ಳುವ ಧ್ವನಿಯಿತ್ತು. ಝೈನಬ್ ಎಂದಾಯಿತು, ಇನ್ನೊಬ್ಬರಿಗೆ ಜುವೈರಿಯಾ ಎಂದಾಯಿತು. ಹಝ್ನ್ ಎಂದರೆ ಒರಟು ನೆಲ. ಅದರ ಬದಲಿಗೆ ಸಹ್ಲ್, ಅಂದರೆ ಸುಲಭ, ಎಂದಿರಲಿ ಎಂದು ಸೂಚಿಸಿದರು. ಆ ವ್ಯಕ್ತಿ ಒಪ್ಪಲಿಲ್ಲ ಎಂಬುದೂ ಬುಖಾರಿಯಲ್ಲಿ ದಾಖಲಾಗಿದೆ. ಇವೆಲ್ಲ ಹೆಸರಿಟ್ಟವರ ಭಾಷೆಯಲ್ಲಿಯೇ ಅರ್ಥ ಕೆಟ್ಟದ್ದಾಗಿದ್ದ ಅಥವಾ ಅಹಂಕಾರ ಸೂಚಿಸುತ್ತಿದ್ದ ಹೆಸರುಗಳು. ಇನ್ನೊಂದು ಭಾಷೆಯವರ ಕಿವಿಗೆ ಬೇರೆ ಏನೋ ಕೇಳಿಸುತ್ತದೆ ಎಂಬ ಕಾರಣ ಇವುಗಳಲ್ಲಿ ಒಂದಕ್ಕೂ ಇಲ್ಲ.

ಆದರೂ ಗಿರಣಿಯ ಬಂಧುವಿನ ಮಾತನ್ನು ತಳ್ಳಿಹಾಕಲು ನಮ್ಮ ಕನ್ನಡ ಪದವಿ ಬಿಡಲಿಲ್ಲ. ನಾವು ಕನ್ನಡ ನಾಡಿನಲ್ಲಿ ಬದುಕುವವರು. ನಮ್ಮ ಮಕ್ಕಳು ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವವರು. ಕನ್ನಡದಲ್ಲಿ ಹಾಲು ಬೇರೆ, ಹಾಳು ಬೇರೆ. ಹಳಗನ್ನಡದಲ್ಲಿ ಇವೆರಡೂ ಪಾಲ್ ಮತ್ತು ಪಾೞ್. ಮೊದಲಿನ ಪಕಾರ ಹಕಾರವಾಯಿತು. ೞ ಎಂಬ ಅಕ್ಷರ ಬಳಕೆಯಿಂದ ಮರೆಯಾಗಿ ಅದರ ಜಾಗಕ್ಕೆ ಳಕಾರ ಬಂದಿತು. ಪಂಪನ ಕಾಲದಲ್ಲಿ ಈ ಮಗು ಹುಟ್ಟಿದ್ದರೆ ಹಾಲು, ಹಾಳು ಎರಡರ ತಂಟೆಯೂ ಅವಳ ಹೆಸರಿಗೆ ಇರುತ್ತಿರಲಿಲ್ಲ!

ಕನ್ನಡ ಮಾತೃಭಾಷೆಯವರು ಲಕಾರವಿರುವ ಹಾಲಾ ಎಂಬುದನ್ನು ಹಾಳಾ ಎಂದು ಓದುವುದಿಲ್ಲ. ಅವರಿಗೆ ಲ ಮತ್ತು ಳ ಹಗಲು ರಾತ್ರಿಯಷ್ಟು ಬೇರೆ. ಇವೆರಡನ್ನೂ ಬೆರೆಸುವವರು ನಾವು. ನಮ್ಮ ದಖನಿಯಲ್ಲಿ ಳಕಾರವಿಲ್ಲ, ಉರ್ದು ಲಿಪಿಯಲ್ಲಿ ಅದಕ್ಕೆ ಅಕ್ಷರವೂ ಇಲ್ಲ. ಆದ್ದರಿಂದಲೇ ನಮ್ಮ ಹಿರಿಯರು ಕನ್ನಡ ಮಾತನಾಡುವಾಗ “ಬೆಲೆ ಹಾಲಾಗಿ ಹೋಯ್ತು” ಎನ್ನುತ್ತಾರೆ; ಅವರ ಮನಸ್ಸಿನಲ್ಲಿರುವುದು ಬೆಳೆ ಹಾಳಾಯಿತು ಎಂಬುದು. ಹಾಳು ಎಂಬುದನ್ನು ಹಾಲು ಎಂದು ಉಚ್ಚರಿಸಿ ಅಭ್ಯಾಸವಾದ ಕಿವಿಗೆ ಹಾಲಾ ಎಂಬುದರಲ್ಲಿ ಹಾಳು ಕೇಳಿಸುವುದು ಸಹಜ. ದೋಷವಿರುವುದು ನಮ್ಮ ನಾಲಿಗೆಯಲ್ಲಿ. ಅದಕ್ಕೆ ಮಗುವಿನ ಹೆಸರು ದಂಡ ಕಟ್ಟಬೇಕೇ?

ಇಂಗ್ಲಿಷ್ ಅಕ್ಷರಗಳೂ ಈ ವಿಷಯದಲ್ಲಿ ನಮಗಿಂತ ಮೇಲಲ್ಲ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಿದಾಗ ನಮ್ಮ ‘ಬೆಲ್ಲರಿ’ಯೂ ಬಳ್ಳಾರಿಯಾಯಿತು. ಮೊದಲ ಸ್ವರ ಸರಿಯಾಯಿತು, ಆದರೆ ಳಕಾರ ಬರಲಿಲ್ಲ. ಆ ಲಿಪಿಯಲ್ಲಿ ಅದು ಇಲ್ಲವೇ ಇಲ್ಲ. ಹೊರಗಿನವರು ಇಂದಿಗೂ ಬಲ್ಲಾರಿ ಎಂದು ಓದುತ್ತಾರೆ. ಊರಿನ ಹೆಸರನ್ನೇ ಹೀಗೆ ಓದಿಸಿಕೊಂಡು ಬದುಕಿರುವ ನಾವು ಒಂದು ಮಗುವಿನ ಹೆಸರಿಗೆ ಇಷ್ಟು ಹೆದರುವುದು ವಿಚಿತ್ರ.

ಇದು ನಮ್ಮೊಬ್ಬರ ಪಾಡೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಉದ್ಯೋಗಕ್ಕಾಗಿ ಸ್ವೀಡನ್ನಿನಲ್ಲಿದ್ದಾನೆ. ಪಕ್ಕದ ಮನೆಯ ಹುಡುಗಿಯ ಹೆಸರನ್ನು ಬಾಗಿಲಿನ ಫಲಕದಲ್ಲಿ ನೋಡಿ ಮೊದಲ ದಿನ “ಮಜಾ” ಎಂದು ಕರೆದನಂತೆ. ಆ ಭಾಷೆಗಳಲ್ಲಿ ಇಂಗ್ಲಿಷಿನ ಜೆ ಅಕ್ಷರಕ್ಕೆ ಯಕಾರದ ಉಚ್ಚಾರ. ಹುಡುಗಿಯ ಹೆಸರು ಮಾಯಾ. ಅಲ್ಲಿ ಫ್ರೇಯಾ ಎಂಬ ಹೆಸರನ್ನೂ ಅದೇ ಅಕ್ಷರದಿಂದ ಬರೆಯುವುದುಂಟು. ನಮ್ಮವರು ಫ್ರೇಜಾ ಎಂದು ಓದುತ್ತಾರೆ. ಪಕ್ಕದ ಡೆನ್ಮಾರ್ಕಿನಲ್ಲಿ ಸರಕಾರವೇ ಒಪ್ಪಿದ ಹೆಸರುಗಳ ಪಟ್ಟಿಯಿದೆ. ಅದರಲ್ಲಿಲ್ಲದ ಹೆಸರಿಗೆ ತಂದೆತಾಯಿ ಅನುಮತಿ ಪಡೆಯಬೇಕು. ನಮ್ಮಲ್ಲಿ ಅಂತಹ ಪಟ್ಟಿಯಿಲ್ಲ. ಅದರ ಕೆಲಸವನ್ನು ಬಂಧುಗಳೇ ಮಾಡುತ್ತಾರೆ, ಅರ್ಜಿಯನ್ನೂ ಕೇಳುವುದಿಲ್ಲ.

ತಿಂಗಳುಗಳು ಕಳೆದಂತೆ ಕುರುಗೋಡಿನ ಮನೆಯಲ್ಲಿ ಹೆಸರು ಬದಲಾಯಿಸುವ ಮಾತು ಗಟ್ಟಿಯಾಯಿತು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇನ್ನೂ ಸೇರಿರಲಿಲ್ಲ. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ: ಜನನವನ್ನು 21 ದಿನಗಳೊಳಗೆ ತಿಳಿಸಬೇಕು, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅನಂತರ ತಡಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹಾಗಾಗಿ ಹನ್ನೆರಡು ತಿಂಗಳೊಳಗೆ ತೀರ್ಮಾನವಾಗಲಿ ಎಂದು ಎರಡೂ ಕಡೆಯವರು ನಮ್ಮನ್ನು ಪಂಚರಂತೆ ನಡುವೆ ಕೂರಿಸಿದರು. ಮಗುವಿನ ತಂದೆ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸ ಮಾಡುವ ಸೌಮ್ಯ ಸ್ವಭಾವದ ಹುಡುಗ. ತಾಯಿಗೂ ಹೆಂಡತಿಗೂ ನಡುವೆ ನಿಂತು ಏನೂ ಹೇಳಲಾರದೆ ಸುಮ್ಮನಾಗಿದ್ದ. ಅವನ ಕಡೆಯ ಹಿರಿಯರೊಬ್ಬರು ಪರ್ಯಾಯವನ್ನೂ ತಂದಿದ್ದರು: ಹಾನಿಯಾ. ಅರಬ್ಬಿಯಲ್ಲಿ ಅದಕ್ಕೆ ಸುಖಿ, ಸಂತೃಪ್ತೆ ಎಂಬ ಒಳ್ಳೆಯ ಅರ್ಥವೇ ಇದೆ. “ಆಗಲಿ, ಆದರೆ ಹಾಳು ಬೇಡವೆಂದು ಹಾನಿಯನ್ನು ತರುತ್ತಿದ್ದೀರಲ್ಲ” ಎಂದೆವು. ಅವರು ಒಂದು ಕ್ಷಣ ಯೋಚಿಸಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಸನಾ ಎಂದರು ಇನ್ನೊಬ್ಬರು. ಯಾವ ಸಕಾರದ ಸನಾ ಎಂದು ಖಾರಿ ಸಾಹೇಬರು ಎದ್ದು ಕುಳಿತರು. ಒಂದು ಸಕಾರಕ್ಕೆ ಪ್ರಕಾಶ, ಇನ್ನೊಂದಕ್ಕೆ ಸ್ತುತಿ. ಹೀಗೆ ಹುಡುಕುತ್ತ ಹೋದರೆ ಎರಡು ಭಾಷೆಗಳಲ್ಲಿಯೂ ಕಲೆಯಿಲ್ಲದ ಹೆಸರು ಸಿಗುವುದು ದುರ್ಲಭ.

ಅಷ್ಟರವರೆಗೂ ನಮ್ಮ ಸೊಸೆ ಬಾಯಿ ತೆರೆದಿರಲಿಲ್ಲ. ಅಂದು ರಾತ್ರಿ ಫೋನಿನಲ್ಲಿ, “ಮಾಮು, ಹೆಸರು ಎಲ್ಲಿಂದ ತೆಗೆದೆ ಎಂದು ಎಲ್ಲರೂ ಕೇಳಿದರು. ಏಕೆ ಇಟ್ಟೆ ಎಂದು ಒಬ್ಬರೂ ಕೇಳಲಿಲ್ಲ” ಎಂದಳು.

ಅವಳಿಗೆ ಒಬ್ಬ ಅಕ್ಕನಿದ್ದಳು. ನಾಲ್ಕು ವರ್ಷಗಳ ಹಿಂದೆ ಕಾಯಿಲೆಯಿಂದ ತೀರಿಹೋದಳು. ಅಕ್ಕತಂಗಿಯರ ಧ್ವನಿ ಒಂದೇ ಬಗೆಯದು. ಬಾಗಿಲ ಹೊರಗಿನಿಂದ ಕರೆದರೆ ಹೆತ್ತ ತಾಯಿಗೇ ಗುರುತು ತಪ್ಪುತ್ತಿತ್ತು. ಅಕ್ಕ ತೀರಿದ ಮೇಲೆ ಇವಳು ಕುರುಗೋಡಿನಿಂದ ಬಂದು ಅಂಗಳದಲ್ಲಿ “ಅಮ್ಮೀ” ಎಂದಾಗಲೆಲ್ಲ ನಮ್ಮ ತಂಗಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಇದನ್ನು ನಾವೂ ಕಣ್ಣಾರೆ ನೋಡಿದ್ದೇವೆ.

ಬುಖಾರಿ ಮತ್ತು ಮುಸ್ಲಿಂ ಎರಡರಲ್ಲಿಯೂ ಇರುವ ಪ್ರಸಂಗವನ್ನು ಓದುಗರಲ್ಲಿ ಹಲವರು ಬಲ್ಲರು. ಖದೀಜಾ(ರ) ತೀರಿಕೊಂಡು ವರ್ಷಗಳಾಗಿದ್ದವು. ಒಂದು ದಿನ ಅವರ ಸಹೋದರಿ ಹಾಲಾ ಪ್ರವಾದಿ(ಸ)ಯವರ ಮನೆಯ ಬಾಗಿಲಲ್ಲಿ ನಿಂತು ಒಳಬರಲು ಅನುಮತಿ ಕೇಳಿದರು. ಆ ಕೇಳುವ ರೀತಿ ಖದೀಜಾರದ್ದೇ. ಪ್ರವಾದಿ(ಸ)ಯವರ ಮನಸ್ಸು ಕಲಕಿತು, ಮುಖ ಅರಳಿತು. ಬಂದವಳು ಹಾಲಾ ಆಗಿರಲಿ ಎಂದು ಅಲ್ಲಾಹನನ್ನು ಬೇಡಿದರು. ಪಕ್ಕದಲ್ಲಿದ್ದ ಆಯಿಶಾ(ರ) ಅವರಿಗೆ ಮತ್ಸರವಾಯಿತೆಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ನಿರೂಪಿಸಿದ್ದಾರೆ. ಸೊಸೆ ಇದನ್ನು ಹೆಣ್ಣುಮಕ್ಕಳ ವಾರದ ತರಗತಿಯಲ್ಲಿ ಕೇಳಿದ್ದಳಂತೆ. ಹೆಣ್ಣು ಹುಟ್ಟಿದರೆ ಈ ಹೆಸರೇ ಎಂದು ಅಂದೇ ನಿಶ್ಚಯಿಸಿದ್ದಳು. “ಅತ್ತೆಯವರ ಮುಂದೆ ಇದನ್ನೆಲ್ಲ ಹೇಗೆ ಹೇಳಲಿ? ಶುಭದ ಹೊತ್ತಿನಲ್ಲಿ ಸತ್ತವರ ಮಾತು ತೆಗೆದಳೆಂದು ಬೇಸರಪಟ್ಟಾರು” ಎಂದಳು.

ಹೇಳುವ ಕೆಲಸವನ್ನು ನಾವೇ ವಹಿಸಿಕೊಂಡೆವು. ಮುಂದಿನ ಜುಮಾ ಮುಗಿಸಿ ಕುರುಗೋಡಿಗೆ ಹೋಗಿ ದಾದಿಯವರ ಎದುರು ಕುಳಿತು, ಮೊದಲು ಹದೀಸನ್ನೂ ಆಮೇಲೆ ಸಿರುಗುಪ್ಪದ ಅಂಗಳದ ವಿಷಯವನ್ನೂ ಹೇಳಿದೆವು. ಆಕೆ ಬಹಳ ಹೊತ್ತು ಅಡಕೆ ಕತ್ತರಿಸುತ್ತಲೇ ಇದ್ದರು. ಕಡೆಗೆ, “ಹಮ್‌ನಾ ಕೋಯೀ ಬೋಲ್ಯೇಚ್ ನೈ, ಹಝ್ರತ್” ಎಂದರು. ನಮಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು.

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯ ಹೆಂಗಸು ಮಗುವನ್ನು ಎತ್ತಿಕೊಂಡು ಬಂದರು. ಈ ತಕರಾರು ಅವರಿಗೆ ಎಂದೂ ತಿಳಿದಿರಲಿಲ್ಲ. ಅವರಿಗೆ ಮಗು ಮೊದಲ ದಿನದಿಂದಲೂ ಹಾಲಮ್ಮ. ನಮ್ಮ ಸೀಮೆಯಲ್ಲಿ ಹಾಲಪ್ಪ, ಹಾಲಮ್ಮ, ಹಾಲೇಶ ಎಂಬ ಹೆಸರುಗಳು ಎಷ್ಟಿವೆಯೆಂದು ಓದುಗರಿಗೆ ಹೇಳಬೇಕಾಗಿಲ್ಲ. ಆಕೆಯ ಅತ್ತೆಯ ಹೆಸರೂ ಹಾಲಮ್ಮನಂತೆ. ನಮ್ಮವರಲ್ಲಿ ಕೆಲವರಿಗೆ ಇದೂ ಒಂದು ಆಕ್ಷೇಪವಾಗಿತ್ತು: ಅನ್ಯಮತದವರ ಹೆಸರಿನಂತೆ ಕೇಳುತ್ತದೆ ಎಂದು. ಇದೇ ಬಳ್ಳಾರಿ ಸೀಮೆಯಲ್ಲಿ ಹುಸೇನಪ್ಪ, ಹುಸೇನಮ್ಮ, ಫಕ್ಕೀರಪ್ಪ ಎಂದು ಹಿಂದೂ ಕುಟುಂಬಗಳು ತಲೆತಲಾಂತರದಿಂದ ಹೆಸರಿಟ್ಟುಕೊಂಡು ಬಂದಿವೆ. ಆ ಹೆಸರಿನವರ ಮನೆಯಲ್ಲಿ ಯಾರೂ ಹುಸೇನ್ ಎಂಬುದರ ಹಕಾರ ಗಂಟಲಿನ ಯಾವ ಭಾಗದ್ದೆಂದು ಕೇಳಲಿಲ್ಲ, ಕನ್ನಡದ ಅಪ್ಪ ಅಮ್ಮನನ್ನು ಜೋಡಿಸಿ ತಮ್ಮದಾಗಿಸಿಕೊಂಡರು. ಅರಬ್ಬಿಯ ಕ್ಲಿಷ್ಟ ಅಕ್ಷರಗಳಿದ್ದ ಜಿಲ್ಲೆ, ತಾಲ್ಲೂಕು, ಅರ್ಜಿ, ಕಾಯಿದೆ ಎಂಬ ಪದಗಳನ್ನೂ ಕನ್ನಡ ಹೀಗೆಯೇ ಬಾಯಿಗೆ ಹೊಂದಿಸಿಕೊಂಡಿತು. ಸಂಸ್ಕೃತದ ಮಾಲಾ ಕನ್ನಡಕ್ಕೆ ಬಂದು ಮಾಲೆಯಾಗುತ್ತದೆ, ಗಂಗಾ ಗಂಗೆಯಾಗುತ್ತಾಳೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಹೀಗೆ ರೂಪ ಬದಲಿಸಿಕೊಂಡು ಬಂದ ಪದಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ನಮ್ಮ ಹಾಲಾ ಪಕ್ಕದ ಮನೆಯಲ್ಲಿ ಹಾಲಮ್ಮನಾದರೆ ಆ ಪ್ರಕರಣಕ್ಕೆ ಒಂದು ಉದಾಹರಣೆ ಹೆಚ್ಚಾಯಿತೆಂದು ತಿಳಿಯುತ್ತೇವೆ.

ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ದಿನ ನಾವೂ ಜೊತೆಗಿದ್ದೆವು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ ಒಂದು ಅಕ್ಷರವೂ ಹಗುರವಲ್ಲ. ತಂದೆತಾಯಂದಿರು ದಯವಿಟ್ಟು ಮನೆಯಿಂದಲೇ ಹೆಸರನ್ನು ಎರಡು ಲಿಪಿಗಳಲ್ಲಿಯೂ ದೊಡ್ಡಕ್ಷರದಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಿ ಬರೆಸಬೇಡಿ. ಕನ್ನಡದಲ್ಲಿ ಹಾ ದೀರ್ಘ, ಲಾ ದೀರ್ಘ. ಇಂಗ್ಲಿಷಿನಲ್ಲಿ ಎಲ್ ಒಂದೇ ಇರಲಿ ಎಂದು ನಾವು ಹಟ ಮಾಡಿದೆವು. ಎರಡು ಬಿದ್ದರೆ ಹಳ್ಳ ಎಂದು ಓದುವವರೂ ಇದ್ದಾರೆ. ಮುಂಗಡವಾಗಿ ಚೀಟಿ ಬರೆದುಕೊಂಡು ಹೋಗಿದ್ದರಿಂದ ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಳಕಾರದ ವಿಷಯ ಮಾತ್ರ ನಮ್ಮ ತಲೆಯಿಂದ ಹೋಗಲಿಲ್ಲ. ಈಗ ಸಂಜೆಯ ಮದ್ರಸದಲ್ಲಿ ಸಬಕ್ ಮುಗಿದ ಮೇಲೆ ಹತ್ತು ನಿಮಿಷ ಕನ್ನಡದ ಉಚ್ಚಾರಕ್ಕೆಂದು ತೆಗೆದಿಟ್ಟಿದ್ದೇವೆ. ತಜ್ವೀದಿನಲ್ಲಿ ನಾಲಿಗೆಯ ತುದಿ ಎಲ್ಲಿ ತಾಗಬೇಕೆಂದು ಕಲಿಸುವ ಹಾಗೆಯೇ, ಲಕಾರಕ್ಕೆ ಹಲ್ಲಿನ ಬುಡಕ್ಕೆ, ಳಕಾರಕ್ಕೆ ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ಎಂದು ತೋರಿಸುತ್ತೇವೆ. ಅಭ್ಯಾಸಕ್ಕೆ ಒಂದು ವಾಕ್ಯವನ್ನೂ ಕಟ್ಟಿದ್ದೇವೆ: ‘ಹಾಳೆಯ ಮೇಲೆ ಹಾಲು ಚೆಲ್ಲಿ ಹಾಳೆ ಹಾಳಾಯಿತು.’ ಹನ್ನೊಂದು ಮಕ್ಕಳಲ್ಲಿ ಎಂಟು ಮಂದಿ ಈಗ ತಪ್ಪದೆ ಹೇಳುತ್ತಾರೆ. ಉಳಿದ ಮೂವರು ಹಾಲೆಯ ಮೇಲೆಯೇ ಹಾಲು ಚೆಲ್ಲುತ್ತಿದ್ದಾರೆ.